ದ್ಯಾವಪ್ಪನ ಕೈ

ನಮ್ಮ ಊರಿನ ಕೋರ್ಟಿನಲ್ಲಿ ಲೈಸೆನ್ಸ್ ಅಮಾನತಾದರೆ ಯಾರೂ ಕಾಗದವನ್ನು ಕಸಿದುಕೊಳ್ಳುವುದಿಲ್ಲ. ಅದು ಅವರವರ ಕಿಸೆಯಲ್ಲೇ ಇರುತ್ತದೆ. ಮೈಯಿಂದ ಗಾಡಿ ಓಡಿಸುವ ವಿದ್ಯೆಯೇ ಇಳಿದುಹೋಗುತ್ತದೆ, ಅಷ್ಟೆ. ಇಳಿದದ್ದನ್ನು ಯಾರಾದರೂ ಎದುರು ನಿಂತು ತೆಗೆದುಕೊಳ್ಳಬೇಕು, ಅವಧಿ ಮುಗಿಯುವ ತನಕ ತಮ್ಮ ಮೈಯಲ್ಲಿ ಇಟ್ಟುಕೊಂಡು ಕಾಯಬೇಕು. ಇದಕ್ಕೆ ಜಿಮ್ಮೆ ಎಂದು ಹೆಸರು. ಇಳಿದು ಬಂದದ್ದನ್ನು ಆದೇಶದಲ್ಲಿ ಚಾಲನೆ ಎಂದು ಬರೆಯುತ್ತಾರೆ. ಹೊರಗೆ ಎಲ್ಲರೂ ಅದನ್ನು ಕೈ ಎನ್ನುತ್ತಾರೆ. ಲೈಸೆನ್ಸ್ ಕಾಯಂ ಆಗಿ ರದ್ದಾದರೆ ಮಾತ್ರ ಎದುರಿಗೆ ಯಾರನ್ನೂ ನಿಲ್ಲಿಸುವುದಿಲ್ಲ. ಆಗ ಆ ಕೈ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಕೋರ್ಟಿನವರು ಬೇರೆ ಮಾತು ತೆಗೆಯುತ್ತಾರೆ.

ಬೇರೆ ಊರಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದಂತೆ. ನಮ್ಮಲ್ಲಿ ಬದುಕು ಅದರ ಸುತ್ತ ಎಂದೋ ಹೊಂದಿಕೊಂಡುಬಿಟ್ಟಿದೆ. ಸಂಬಂಧ ನೋಡಲು ಬಂದವರು ಹುಡುಗನ ಕೆಲಸ ಕೇಳುವುದಕ್ಕೂ ಮುಂಚೆ ಅವನ ಮೈಯಲ್ಲಿ ಯಾರದ್ದಾದರೂ ಜಿಮ್ಮೆ ಇದೆಯೇ ಎಂದು ಕೇಳುತ್ತಾರೆ. ನೋಡಿದ ಹುಡುಗ ಒಬ್ಬ, ಮದುವೆಯಾದ ಹುಡುಗ ಇನ್ನೊಬ್ಬ ಆಗಬಾರದಲ್ಲ. ಕೋರ್ಟಿನ ಜವಾನ ಪರಸಪ್ಪ ಒಮ್ಮೆ ಲಾರಿ ಡ್ರೈವರನ ಕೈ ಇಟ್ಟುಕೊಂಡಿದ್ದ. ಆ ದಿನಗಳಲ್ಲಿ ಫೈಲು ಹೊತ್ತು ಬರುವಾಗ ವರಾಂಡದ ಮೂಲೆಯಲ್ಲಿ ಅಗಲವಾಗಿ ಸುತ್ತಿ ತಿರುಗುತ್ತಿದ್ದ, ಬೆನ್ನ ಹಿಂದೆ ಇನ್ನೂ ಅಷ್ಟುದ್ದ ಗಾಡಿ ಇದೆ ಎಂಬಂತೆ. ಬೆಂಚ್ ಕ್ಲರ್ಕ್ ಶಮಶಾದಕ್ಕ ರೋಡ್ ರೋಲರಿನವನ ಕೈ ಇಟ್ಟುಕೊಂಡಿದ್ದಾಗ ಯಾವ ವಕೀಲರಿಗೂ ಅವರನ್ನು ಅವಸರ ಮಾಡಿಸಲು ಆಗಲಿಲ್ಲ. "ಏನ್ ಓಡಿ ಹೋಗತದ ನಿಮ್ಮ ಕೇಸು," ಎಂದು ಕೇಳಿ ಮತ್ತೆ ಅದೇ ಕಾಗದದ ಮೇಲೆ ಹಿಂದೆ ಮುಂದೆ ಕಣ್ಣಾಡಿಸುತ್ತಿದ್ದರಂತೆ.

ನಾನು ಕಾನೂನು ಪದವಿ ಮುಗಿಸಿ ಹಂಪಿಹೊಳಿ ವಕೀಲರ ಬಳಿ ಜೂನಿಯರ್ ಆಗಿ ಸೇರಿದ್ದೆ. ಹೊಸ ವಕೀಲರಿಗೆ ಲೈಸೆನ್ಸ್ ಅಮಾನತಿನ ಕೇಸು ನಡೆಸುವುದನ್ನು ಕಲಿಸುವ ಕೆಲಸವನ್ನು ವಕೀಲರ ಸಂಘ ಅವರಿಗೇ ವಹಿಸಿತ್ತು. ಶನಿವಾರ ಮಧ್ಯಾಹ್ನ ಸಂಘದ ಕೋಣೆಯಲ್ಲಿ ತರಬೇತಿ. ಮೊದಲು ಕಲಮುಗಳನ್ನು ಓದಿಸುತ್ತಿದ್ದರು: ಕುಡಿದು ಓಡಿಸಿದರೆ ಏನು, ಅತಿವೇಗಕ್ಕೆ ಏನು, ಮೇಲ್ಮನವಿ ಎಲ್ಲಿಗೆ. ಆಮೇಲೆ ಪುಸ್ತಕ ಮುಚ್ಚಿಸುತ್ತಿದ್ದರು. "ಇದು ಯಾವ ಊರಿಗೆ ಹೋದ್ರೂ ಸಿಗತದ. ಈಗ ನಮ್ಮ ಕೋರ್ಟ್ ಕಲೀರಿ." ನಮ್ಮ ಕೋರ್ಟ್ ಎಂದರೆ, ಜಡ್ಜ್ ಸಾಹೇಬರಿಗೂ ಕಿಟಕಿಗೂ ನಡುವೆ ನಿಲ್ಲಬಾರದು, ಅವರು ಹೊರಗಿನ ಬೇವಿನ ಮರ ನೋಡುತ್ತ ಯೋಚಿಸುತ್ತಾರೆ. ಊಟದ ಹೊತ್ತು ಹತ್ತಿರವಾದಾಗ ಕಕ್ಷಿದಾರನ ಮಕ್ಕಳುಮರಿಯ ಕಥೆ ತೆಗೆಯಬಾರದು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವರು ದನಿ ತಗ್ಗಿಸಿ ಹೇಳುತ್ತಿದ್ದರು: "ಸಾಹೇಬ್ರು ಸುಮ್ಮನಾದ್ರ ನೀವೂ ಸುಮ್ಮನಿರ್ರಿ. ಆ ಸುಮ್ಮನಿರೂದು ಅವರದು. ಅದರಾಗ ನೀವು ಮಾತು ತುಂಬಿದ್ರ ಭಾರ ನಿಮ್ಮ ಕಕ್ಷಿದಾರನ ತಲಿ ಮ್ಯಾಲೆ ಬೀಳತದ."

ಈ ಪಾಠ ನನಗೆ ಬೇಗ ಹತ್ತಿತು. ಚಿಕ್ಕಂದಿನಿಂದಲೂ ನನ್ನ ಗಮನ ಮಾತಿಗಿಂತ ಮಾತು ನಿಂತುಹೋಗುವ ಜಾಗದ ಮೇಲೆ. ಮನೆಗೆ ಬಂದವರು ಏನು ಹೇಳಿದರೆಂಬುದು ಮರೆತುಹೋಗುತ್ತದೆ, ಎಲ್ಲಿ ತಡೆದರು ಎಂಬುದು ಉಳಿಯುತ್ತದೆ. ಇದರಿಂದ ಗೆಳತಿಯರು ಹೆಚ್ಚಾಗಲಿಲ್ಲ, ಆದರೆ ಕೋರ್ಟಿನಲ್ಲಿ ಕೂತು ಬೇಸರವಾಗಲಿಲ್ಲ.

ಪಾಠ ಕೇಳಿದರೆ ಸಾಲದು. ಒಂದು ಜಿಮ್ಮೆಯನ್ನಾದರೂ ಮೈಯಲ್ಲಿ ಇಟ್ಟುಕೊಳ್ಳದ ವಕೀಲರು ನಮ್ಮ ಕೋರ್ಟಿನಲ್ಲಿ ಅಮಾನತಿನ ಕೇಸಿಗೆ ಬಾಯಿ ತೆರೆಯುವಂತಿಲ್ಲ. ನನ್ನ ಪಾಲಿಗೆ ಬಂದದ್ದು ಮೂರು ಗಾಲಿಯ ಟಂಟಂ ಓಡಿಸುವ ದ್ಯಾವಪ್ಪನ ಕೈ. ಅವನು ನಮ್ಮ ಕಕ್ಷಿದಾರನೇ. ಎಣ್ಣೆ ಗಿರಣಿಯ ಮೂಲೆಯಲ್ಲಿ, ಎಡಗಡೆಯ ಓಣಿಯಿಂದ ಸೈಕಲ್ ಮೇಲೆ ಬಂದ ಟೇಲರ್ ಬಾಬಣ್ಣನಿಗೆ ಅವನ ಗಾಡಿ ಬಡಿದಿತ್ತು. ಬಾಬಣ್ಣನ ಒಂದು ಪಾದ ನಜ್ಜಾಗಿ, ಬಗಲಿಗೆ ಕೋಲು ಬಂದಿತ್ತು. ಬಾಬಣ್ಣ ಗಂಟೆ ಬಾರಿಸಿದೆ ಎಂದ. ದ್ಯಾವಪ್ಪ ಬಾರಿಸಲಿಲ್ಲ, ಒಮ್ಮೆಲೇ ನುಗ್ಗಿದ ಎಂದ. ನೋಡಿದವರು ಯಾರೂ ಇರಲಿಲ್ಲ. ಸಾಹೇಬರು ಬೇವಿನ ಮರವನ್ನು ಬಹಳ ಹೊತ್ತು ನೋಡಿ, ಮುಂದಿನ ಹಾಜರಿಯವರೆಗೆ ಅಮಾನತು ಎಂದರು. ಹಾಜರಿ ಎಂದರೆ ಜಿಮ್ಮೆ ಇಟ್ಟುಕೊಂಡವರು ಆ ಗಾಡಿಯನ್ನು ಸಾಹೇಬರ ಕಣ್ಣೆದುರು ಓಡಿಸಿ ತೋರಿಸುವುದು. ಕೈ ಒಳ್ಳೆಯದೆಂದು ಕಂಡರೆ ವಾಪಸ್ಸು, ಕೆಟ್ಟದ್ದೆಂದು ಕಂಡರೆ ರದ್ದು.

ನನಗೆ ಸೈಕಲ್ಲೂ ಬರುತ್ತಿರಲಿಲ್ಲ. ದ್ಯಾವಪ್ಪ ಎದುರು ಬಂದು ನಿಂತಾಗ ಅವನಿಗಿಂತ ನಾನೇ ಹೆಚ್ಚು ಹೆದರಿದ್ದೆ. ನಲವತ್ತು ದಾಟಿದ ಮನುಷ್ಯ, ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿದ್ದ. ಪರಸಪ್ಪ ಫ್ಯಾನು ಆರಿಸಿದ. ಹಾಲಿನಲ್ಲಿದ್ದವರೆಲ್ಲ ಸುಮ್ಮನಾದರು. ಅದುವರೆಗೆ ನಾನು ಕಂಡ ಮೌನಗಳೆಲ್ಲ ಏನನ್ನೋ ಮುಚ್ಚಿಟ್ಟುಕೊಂಡವು. ಇದು ಕೈ ಚಾಚಿದ ಮೌನ. ಮೊಣಕೈಯಿಂದ ಕೆಳಗೆ ಏನೋ ಬೆಚ್ಚಗೆ ಇಳಿದು ಬೆರಳುಗಳಲ್ಲಿ ನಿಂತಿತು. ದ್ಯಾವಪ್ಪ ತನ್ನ ಅಂಗೈಗಳನ್ನು ತಿರುವಿ ನೋಡಿಕೊಂಡ, ಯಾರದೋ ಸಾಮಾನು ನೋಡುವ ಹಾಗೆ. ಆಮೇಲೆ, "ಕ್ಲಚ್ ಸ್ವಲ್ಪ ಬಿಗಿ ಐತ್ರಿ ವಕೀಲ ಬಾಯಾರ," ಎಂದಷ್ಟೇ ಹೇಳಿ ಹೊರಗೆ ಹೋದ.

ಜಿಮ್ಮೆಯ ಕೈಯನ್ನು ದಿನಾ ಸ್ವಲ್ಪ ಆಡಿಸಬೇಕು, ಇಲ್ಲದಿದ್ದರೆ ಜಡ್ಡುಗಟ್ಟುತ್ತದೆ. ಬೆಳಿಗ್ಗೆ ಕೋರ್ಟು ತೆರೆಯುವ ಮುಂಚೆ ನಾನು ಅಂಗಳದಲ್ಲಿ ನಿಂತಿರುತ್ತಿದ್ದ ಆ ಹಳದಿ ಟಂಟಂ ಹತ್ತಿ ಊರೊಳಗೆ ಒಂದು ಸುತ್ತು ಹೋಗುತ್ತಿದ್ದೆ. ಜಿಮ್ಮೆ ಇರುವ ತನಕ ಕೋರ್ಟಿನ ಆದೇಶವೇ ಲೈಸೆನ್ಸ್, ಆದರೆ ಪ್ಯಾಸೆಂಜರ್ ಹತ್ತಿಸುವಂತಿಲ್ಲ. ಹತ್ತುತ್ತಿದ್ದವಳು ದ್ಯಾವಪ್ಪನ ಹೆಂಡತಿ ಕಲ್ಲವ್ವ ಒಬ್ಬಳೇ. ಆಕೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಮೊದಲು ಗಾಡಿ ಒರೆಸಲು ಬರುತ್ತಿದ್ದಳು. ಒರೆಸಿ ಮುಗಿಸಿ ಹಿಂದೆ ಕೂತುಬಿಡುತ್ತಿದ್ದಳು. "ನಾ ಪ್ಯಾಸಿಂಜರ್ ಅಲ್ರಿ. ಗಾಡಿ ಜೊತಿ ಬಂದ ಸಾಮಾನು."

ದಾರಿಯುದ್ದಕ್ಕೂ ಆಕೆಯ ಮಾತು. "ಹೆಂಗೈತ್ರಿ ನಮ್ಮವರ ಕೈ? ಮನ್ಯಾಗ ಒಂದು ಮೊಳೆ ಹೊಡಿಯಾಕ ಬರಲಾರದ ಕೈ ಅದು."

"ಚಲೋ ಅದ," ಎನ್ನುತ್ತಿದ್ದೆ. ನಿಜವಾಗಿಯೂ ಚಲೋ ಇತ್ತು. ಗುಂಡಿ ಬರುವ ಮೊದಲೇ ಹ್ಯಾಂಡಲ್ ಅದನ್ನು ಬಳಸುತ್ತಿತ್ತು. ನಾಯಿಗಳಿಗೆ ಒಂದು ಹಾರ್ನ್, ಎಮ್ಮೆಗಳಿಗೆ ಇನ್ನೊಂದು. ಮೆಣಸಿನಕಾಯಿ ಪೇಟೆಯ ಗೇಟು ಹತ್ತಿರವಾದರೆ ನನ್ನ ಕಾಲು ಕೇಳದೆ ಬ್ರೇಕ್ ಒತ್ತುತ್ತಿತ್ತು, ಹೆಂಗಸರು ಬುತ್ತಿ ಹಿಡಿದು ಓಡಿ ಬರುತ್ತಿದ್ದರು. ಜಿಮ್ಮೆ ಗಾಡಿ ಎಂದು ಹೇಳಿದರೆ, "ಹೌದ್ರಿ, ದ್ಯಾವಪ್ಪಣ್ಣನ ಕೈ ಅಲ್ಲೇನು, ನಿಂತದ್ದು ನೋಡಿದ್ರ ಗೊತ್ತಾಗತೈತಿ," ಎಂದು ಹಿಂದೆ ಸರಿಯುತ್ತಿದ್ದರು. ನಾನು ಕುತೂಹಲದಿಂದ ನನ್ನನ್ನೇ ನೋಡುತ್ತಿದ್ದೆ. ಒಬ್ಬ ಮನುಷ್ಯ ದಿನವೂ ಯಾರಿಗೆ ನಿಲ್ಲುತ್ತಾನೆ, ಯಾರನ್ನು ಕಂಡರೆ ವೇಗ ಹೆಚ್ಚಿಸುತ್ತಾನೆ ಎಂಬುದೆಲ್ಲ ಅವನ ಗೈರುಹಾಜರಿಯಲ್ಲಿ ನನ್ನ ಮೈಗೆ ತಿಳಿಯುತ್ತಿತ್ತು. ಪೊಲೀಸರ ಚೌಕಿ ಬಂದಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಕೆಲವು ವಾರಗಳಲ್ಲಿ ಕುತ್ತಿಗೆ ನೋಯತೊಡಗಿತು. ಓಡಿಸುವಾಗ ತಲೆ ಮತ್ತೆ ಮತ್ತೆ ಎಡಕ್ಕೆ ತಿರುಗುತ್ತಿತ್ತು. ರಸ್ತೆ ಖಾಲಿ ಇದ್ದರೂ ತಿರುಗುತ್ತಿತ್ತು, ಗದ್ದ ಭುಜಕ್ಕೆ ತಾಗುವಷ್ಟು. ಬಲಕ್ಕೆ ಒಮ್ಮೆಯೂ ಇಲ್ಲ. ಸಂಜೆ ಸಂಘದ ಕೋಣೆಯಲ್ಲಿ ಕೂತಿದ್ದಾಗಲೂ ಹಾಗೇ ಆಗುತ್ತಿತ್ತು. ಎಡಗಡೆ ಕೂತವರು ಏನು ಬೇಕೆಂದು ಕೇಳುತ್ತಿದ್ದರು. ಶಮಶಾದಕ್ಕ ಬಿಸಿ ಉಪ್ಪಿನ ಗಂಟು ಕಟ್ಟಿ ತಂದುಕೊಟ್ಟರು. "ಒಬ್ಬೊಬ್ಬರ ಕೈ ಜೊತಿ ಒಂದೊಂದು ಚಟ ಬರತದ, ತಂಗಿ. ಮಂಜೂರ ಅಂತ ಒಬ್ಬನ ಕೈ ಇಟಗೊಂಡಿದ್ದೆ, ಮೂರೂ ಹೊತ್ತು ಎಲಿ ಅಡಿಕಿ ಬೇಕಾಗತಿತ್ತು. ಬಿಟ್ಟು ಹೋಗತದ ತಗೋ." ಚಟವೆಂದು ನಾನೂ ನಂಬಿದೆ.

ಒಂದು ಬೆಳಿಗ್ಗೆ ಕಲ್ಲವ್ವ ಗಾಡಿಯ ಮುಂದಿನ ಗಾಜು ಒರೆಸಿ ಬಟ್ಟೆ ಝಾಡಿಸಿದಳು. ಆಕೆಯ ಬಟ್ಟೆಯಲ್ಲಿ ಮೆಣಸಿನಕಾಯಿಯ ಧೂಳು ಯಾವಾಗಲೂ ಇರುತ್ತಿತ್ತು. ಅದು ನನ್ನ ಎಡಗಣ್ಣಿಗೆ ಬಿತ್ತು. ತೊಳೆದರೂ ಉರಿ ನಿಲ್ಲಲಿಲ್ಲ, ಕಣ್ಣು ಬಿಡಲು ಆಗಲಿಲ್ಲ. ಕೋರ್ಟಿನ ಹೊತ್ತಾಗುತ್ತಿತ್ತು. ಅಂಗಳದಲ್ಲೇ ಒಂದು ಸುತ್ತು ಹಾಕಿ ಬಿಡೋಣ ಎಂದು ಒಂದೇ ಕಣ್ಣಿನಲ್ಲಿ ಹತ್ತಿ ಕೂತೆ.

ಗಾಡಿ ಹೊರಟ ಕೂಡಲೇ ಕುತ್ತಿಗೆಯ ಬಿಗಿ ಸಡಿಲಾಯಿತು. ಅದು ಈಗಲೂ ಎಡಕ್ಕೆ ತಿರುಗುತ್ತಿತ್ತು, ಆದರೆ ಆ ತಿರುಗುವಿಕೆಗೆ ಈಗ ಕೆಲಸವಿತ್ತು. ಮುಂದೆ ನೋಡಿ, ಎಡಕ್ಕೆ ಹೊರಳಿ, ಅಲ್ಲಿದ್ದದ್ದನ್ನು ಬಲಗಣ್ಣಿನಿಂದ ಎತ್ತಿಕೊಂಡು, ಮತ್ತೆ ಮುಂದೆ. ಇಷ್ಟು ದಿನ ಬೇರೆಯವರ ಅಂಗಿಯ ಹಾಗೆ ಎಲ್ಲೋ ಹಿಡಿಯುತ್ತಿದ್ದ ಕೈ ಅಂದು ನನಗೆ ಸರಿಯಾಗಿ ಕೂತಿತು. ಅದು ಒಂದೇ ಕಣ್ಣಿಗೆ ಹೊಲಿದ ಕೈ.

ನಾನು ಹಿಂದೆ ನೋಡಿದೆ. ಕಲ್ಲವ್ವ ನನ್ನ ಮುಚ್ಚಿದ ಕಣ್ಣನ್ನೇ ನೋಡುತ್ತಿದ್ದಳು. ಸುತ್ತು ಮುಗಿಯುತ್ತ ಬಂದರೂ ಆಕೆ ಒಂದು ಮಾತಾಡಿರಲಿಲ್ಲ. ಇಳಿದು, ಬಟ್ಟೆ ಮಡಿಸಿ ಸೀಟಿನ ಕೆಳಗಿಟ್ಟು, ಗೇಟಿನ ಕಡೆ ನಡೆದುಬಿಟ್ಟಳು.

ಆ ದಿನ ಸಂಜೆ ಹಂಪಿಹೊಳಿ ವಕೀಲರ ಕಚೇರಿಯಲ್ಲಿ, "ಸರ್, ದ್ಯಾವಪ್ಪನ ಕೈ ವಿಷಯ ಒಂದು ಮಾತು," ಎಂದು ಶುರು ಮಾಡಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವೈಜಯಂತಿ, ಜಿಮ್ಮೆದಿಂದ ಬಂದದ್ದನ್ನ ನನ್ನ ಕಿವಿಗೆ ಹಾಕಬ್ಯಾಡ."

"ಸರ್, ಮಂದೀ ಜೀವದ ಪ್ರಶ್ನೆ..."

"ಕೇಳು. ಒಬ್ಬರ ಕೈ ಜೊತಿ ಅವರ ಮನೀನೂ ಬರತದ, ಹಾಸಿಗೀನೂ ಬರತದ. ಹಿಂದಕ್ಕ ಜಿಮ್ಮೇದಾರರು ಚಾದಂಗಡ್ಯಾಗ ಕುಂತು ಎಲ್ಲಾ ಹೇಳಿ ಮನಿ ಮುರಿದಾರ. ಅದಕ್ಕ ಈ ಪದ್ಧತಿ. ಜಿಮ್ಮೇದಾರ ಕೋರ್ಟಿನ್ಯಾಗ ಬಾಯಿ ಬಿಟ್ರ ಜಿಮ್ಮೆ ಕೆಟ್ಟಹಂಗ. ಕೈ ಅಲ್ಲೇ ರದ್ದು. ಅಂವ ಹೊಟ್ಟಿಗೆ ಏನ್ ತಿನ್ನಬೇಕು? ಮ್ಯಾಲೆ ನಾವು ಅವನ ವಕೀಲರು." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಹಾಜರಿ ದಿನ ಓಡಿಸು. ನೀ ಚಲೋ ಓಡಸ್ತಿ ಅಂತ ಊರೆಲ್ಲ ಅನ್ನಾಕತ್ತದ."

ನಾನು ಚೆನ್ನಾಗಿ ಓಡಿಸುತ್ತೇನೆ. ಅಲ್ಲೇ ತೊಡಕಿತ್ತು. ದಾರಿಯಲ್ಲಿ ನಡೆಯುತ್ತ ಅದು ನನಗೆ ಮೆಲ್ಲಗೆ ಹೊಳೆಯಿತು. ಹಾಜರಿಯಲ್ಲಿ ಸಾಹೇಬರು ನೋಡುವುದು ದ್ಯಾವಪ್ಪನ ಕೈಯನ್ನು, ಆದರೆ ನನ್ನ ಮೈಯಲ್ಲಿ, ನನ್ನ ಎರಡು ಕಣ್ಣುಗಳ ಕೆಳಗೆ. ಎರಡೂ ಕಣ್ಣಿದ್ದವಳು ಒಂದೇ ಕಣ್ಣಿದ್ದವನ ಎಚ್ಚರದಿಂದ ಓಡಿಸಿದರೆ ಅದಕ್ಕಿಂತ ಒಳ್ಳೆಯ ಓಟ ಊರಿನಲ್ಲಿ ಇರಲಾರದು. ಸಾಹೇಬರು ಮೆಚ್ಚುತ್ತಾರೆ. ಕೈ ಅವನಿಗೆ ವಾಪಸ್ಸು ಹೋಗುತ್ತದೆ. ಮಾರನೆಯ ಬೆಳಿಗ್ಗೆ ಅವನು ಪೇಟೆಯ ಗೇಟಿನಲ್ಲಿ ಹೆಂಗಸರನ್ನು ಹತ್ತಿಸಿಕೊಂಡು ಎಣ್ಣೆ ಗಿರಣಿಯ ಮೂಲೆಗೆ ಬರುತ್ತಾನೆ. ಇಷ್ಟು ಕಾಲದಿಂದ ಹಾಜರಿ ನಡೆಸಿಕೊಂಡು ಬಂದ ನಮ್ಮ ಕೋರ್ಟಿನಲ್ಲಿ ಇದನ್ನು ಯಾರೂ ಯೋಚಿಸಿದ್ದಂತೆ ಕಾಣಲಿಲ್ಲ.

ಹಾಜರಿಯ ಹಿಂದಿನ ದಿನ ನಾನು ಟಂಟಂ ಸ್ಟ್ಯಾಂಡಿಗೆ ಹೋದೆ. ದ್ಯಾವಪ್ಪ ಈಗ ಅಲ್ಲಿ ಬೇರೆಯವರ ಗಾಡಿಗಳಿಗೆ ಪ್ಯಾಸೆಂಜರ್ ಕೂಗಿ ತುಂಬಿಸುತ್ತಿದ್ದ. ಕೂಗು ನಿಲ್ಲಿಸಿ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ನಾನು ಅವನ ಎಡಗಡೆಯಿಂದ ಹೋಗಿ, ಕೈಯಳತೆಯ ದೂರದಲ್ಲಿ ನಿಂತೆ. ಅವನು ಚಹಾ ಊದುತ್ತಿದ್ದ. ಬಟ್ಟಲಿನ ತಳದ ಗುಟುಕನ್ನೂ ಕುಡಿದ. ಹೊರಗಿನಿಂದ ನೋಡಿದರೆ ಆ ಕಣ್ಣು ಎಲ್ಲರ ಕಣ್ಣಿನ ಹಾಗೇ ಇತ್ತು, ರೆಪ್ಪೆ ಬಡಿಯುತ್ತಿತ್ತು. ಬಟ್ಟಲು ಇಡಲು ಎಡಕ್ಕೆ ಹೊರಳಿದಾಗ ನನ್ನನ್ನು ಕಂಡು ಬೆಚ್ಚಿದ.

"ಯಾವಾಗ ಬಂದ್ರಿ ಬಾಯಾರ?"

"ನೀ ಚಾ ಶುರು ಮಾಡಿದಾಗ."

ಅವನು ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡ. ಮುಂದಿನ ಗಾಡಿಯವನು ಯಾರೋ ಮುದುಕನನ್ನು, "ಹತ್ತೋ ಯಜಮಾನ, ಇದು ನಿನ್ನ ಮಾವನ ಮನಿ ಮೆರವಣಿಗಿ ಅಲ್ಲ," ಎಂದು ಗದರುತ್ತಿದ್ದ. ದ್ಯಾವಪ್ಪ ತನ್ನ ಕುತ್ತಿಗೆ ಮುಟ್ಟಿಕೊಂಡ.

"ನಿಮಗೂ ಬಂದೈತೇನ್ರಿ, ಇಲ್ಲಿ ನೋವು?"

"ಬಂದದ."

"ಹಂಗಾರ ಮುಗೀತು ಬಿಡ್ರಿ." ಅವನು ತನ್ನ ಎಡಗಣ್ಣಿನ ಕಡೆ ಬೆರಳು ತೋರಿಸಿದ. "ಹತ್ತಿಕಟಗಿ ಬಡೀತ್ರಿ. ಮೊದಲ ಮಬ್ಬಾತು, ಆಮ್ಯಾಲೆ ಪೂರ್ತಿ ಹೋತು. ಒಂದ ಕಣ್ಣಿದ್ದವಗ ಬಾಡಿಗಿ ಗಾಡಿ ಲೈಸೆನ್ಸ್ ಕೊಡಂಗಿಲ್ಲ. ಕುತಿಗಿಗೆ ಕಲಿಸಿದ್ನಿ. ಅದು ಕಲೀತು. ನನಗಿಂತ ಶಾಣ್ಯಾ ಐತಿ."

"ಬಾಬಣ್ಣ?"

ಅವನು ಬಟ್ಟಲನ್ನು ಕಟ್ಟೆಯ ಮೇಲೆ ಬೋರಲು ಹಾಕಿದ. ಆ ಜಾಗದಲ್ಲಿ ಅವನು ತಡೆದದ್ದು ನನ್ನೊಳಗೆ ಉಳಿಯಿತು.

"ನಾಳೆ ನೀವು ಓಡಸ್ರಿ ಬಾಯಾರ," ಎಂದ ಕೊನೆಗೆ. "ಹೆಂಗ ಓಡಸ್ಬೇಕು ಅಂತ ನಾ ಹೇಳಂಗಿಲ್ಲ. ನಿಮ್ಮ ಕಡೆ ಐತಿ ಅದು." ಅವನ ದನಿಯಲ್ಲಿ ಬೇಡಿಕೊಳ್ಳುವುದಿರಲಿಲ್ಲ. ಅದಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹಾಜರಿಯ ದಿನ ಕೋರ್ಟಿನ ಅಂಗಳದಲ್ಲಿ ಜನ ಸೇರುತ್ತಾರೆ. ಸಾಹೇಬರು ವರಾಂಡದ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಗಾಡಿ ಶುರುವಾದ ಮೇಲೆ ಯಾರೂ ಮಾತಾಡಬಾರದು, ಮಕ್ಕಳನ್ನು ಕರೆತರಬಾರದು, ಕೆಮ್ಮು ಬಂದವರು ಗೇಟಿನ ಹೊರಗೆ ಹೋಗಬೇಕು. ದ್ಯಾವಪ್ಪ ಮತ್ತು ಕಲ್ಲವ್ವ ಮೆಟ್ಟಿಲ ಬಳಿ ನಿಂತಿದ್ದರು. ಬಾಬಣ್ಣ ಬಗಲಿಗೆ ಕೋಲು ಕೊಟ್ಟುಕೊಂಡು ಕಂಪೌಂಡಿನ ಪಕ್ಕ, ನಾನು ಸುತ್ತು ಬರುವ ದಾರಿಯ ಎಡಗಡೆ ನಿಂತಿದ್ದ. ಹಂಪಿಹೊಳಿ ವಕೀಲರು ನನ್ನ ಕಡೆ ಒಮ್ಮೆ ತಲೆಯಾಡಿಸಿದರು.

ನಾನು ಎರಡೂ ಕಣ್ಣು ಬಿಟ್ಟುಕೊಂಡು ಒಂದು ಸುತ್ತು ಬಂದೆ. ಇನ್ನೊಂದು ಬಂದೆ. ತಲೆ ಎಡಕ್ಕೆ ತಿರುಗಿದಾಗೆಲ್ಲ ಬಾಬಣ್ಣ ಕಾಣುತ್ತಿದ್ದ, ತಿರುಗದಿದ್ದಾಗಲೂ ಕಣ್ಣಿನ ಅಂಚಿನಲ್ಲಿ ಕಾಣುತ್ತಿದ್ದ. ಗಾಡಿ ನೀರಿನ ಹಾಗೆ ಹರಿಯುತ್ತಿತ್ತು. ಸಾಹೇಬರ ಮುಖದಲ್ಲಿ ಮೆಚ್ಚುಗೆ ಮೂಡುವುದನ್ನು ನೋಡಿದೆ. ಮುಂದಿನ ಸುತ್ತಿಗೆ ಎಡಗಣ್ಣು ಮುಚ್ಚಿದೆ. ಯಾರಿಗೂ ತೋರಿಸಲು ಅಲ್ಲ. ಅದು ಹೇಗಿರುತ್ತದೆ ಎಂದು, ಬಾಬಣ್ಣ ನಿಂತಿರುವಾಗ ಹೇಗಿರುತ್ತದೆ ಎಂದು ನನಗೆ ತಿಳಿಯಬೇಕಿತ್ತು.

ತಲೆ ಎಡಕ್ಕೆ ಹೊರಳಿತು, ಬಾಬಣ್ಣ ಇದ್ದ. ತಲೆ ಮುಂದಕ್ಕೆ ಬಂತು, ಬಾಬಣ್ಣ ಇಲ್ಲ. ಅವನು ಅಲ್ಲಿದ್ದಾನೆಂದು ನನಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಎಡಗಡೆ ಬಯಲಿದೆ ಎಂದು ಅದು ನಂಬಿತ್ತು, ಸ್ವಲ್ಪವೂ ಅನುಮಾನವಿಲ್ಲದೆ ನಂಬಿತ್ತು, ನಂಬಿ ವೇಗ ಹೆಚ್ಚಿಸುತ್ತಿತ್ತು. ಆ ನಂಬಿಕೆಗೆ ನಾನು ಹೆದರಿದೆ. ಬಲವಾಗಿ ಬ್ರೇಕ್ ಒತ್ತಿ ಅಂಗಳದ ನಡುವೆ ಗಾಡಿ ನಿಲ್ಲಿಸಿದೆ. ಎಂಜಿನ್ ಆರಿತು.

"ಯಾಕೆ ನಿಲ್ಲಿಸಿದಿರಿ?" ಸಾಹೇಬರು ಕೇಳಿದರು.

ನಾನು ಹ್ಯಾಂಡಲಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಹೇಳಿದರೆ ಜಿಮ್ಮೆ ಕೆಡುತ್ತದೆ. ಮತ್ತೆ ಗಾಡಿ ಶುರು ಮಾಡಿದರೆ ಒಳ್ಳೆಯ ಓಟವಾಗುತ್ತದೆ. ಎರಡೂ ನನ್ನಿಂದ ಆಗಲಿಲ್ಲ. ಹಂಪಿಹೊಳಿ ವಕೀಲರು ಕಣ್ಣಿನಿಂದಲೇ ಹೊರಡು ಎನ್ನುತ್ತಿದ್ದರು. ಸಾಹೇಬರು ಇನ್ನೊಮ್ಮೆ ಕೇಳಲಿಲ್ಲ, ಕಾದರು. ಇಡೀ ಅಂಗಳ ಕಾಯಿತು. ನಾನು ಎಷ್ಟೋ ಮೌನಗಳ ಅಂಚಿನಲ್ಲಿ ಕೂತು ನೋಡಿದವಳು. ಒಂದರ ನಡುವೆ ಹೀಗೆ, ಎಲ್ಲರ ಎದುರು, ಅದನ್ನು ಮಾಡಿದವಳೇ ನಾನಾಗಿ ಕೂತದ್ದು ಅದೇ ಮೊದಲು. ಅದು ಬೆಚ್ಚಗಿರಲಿಲ್ಲ.

ಮೆಟ್ಟಿಲ ಬಳಿಯಿಂದ ದ್ಯಾವಪ್ಪ ನಡೆದು ಬಂದ. ಗಾಡಿಯ ಪಕ್ಕ ನಿಂತು ಸಾಹೇಬರಿಗೆ ಕೈ ಮುಗಿದ.

"ಅವ್ರು ಹೇಳಂಗಿಲ್ರಿ ಸಾಹೇಬ್ರ. ಹೇಳಿದ್ರ ನನ್ನ ಕೈ ಹೋಗತೈತಿ ಅಂತ ಸುಮ್ಮನ ಕುಂತಾರ. ನಾ ಹೇಳತೀನಿ. ಎಡಗಣ್ಣು ಇಲ್ರಿ ನನಗ. ಬಾಬಣ್ಣ ಗಂಟಿ ಬಾರಿಸಿಲ್ಲ ಅಂತ ಇಲ್ಲೇ ನಿಂತು ಹೇಳಿದ್ನಿ. ಬಾರಿಸಿದ್ದ. ಗಂಟಿ ಕೇಳಿ ನಾ ಕುತಿಗಿ ತಿರಗಸೂದರಾಗ ಆಗಿಹೋತು."

ಕಂಪೌಂಡಿನ ಕಡೆಯಿಂದ ಬಾಬಣ್ಣನ ದನಿ ಬಂತು. "ಅಂದಿನಿಂದ ನಾ ಬ್ಯಾರೆ ಏನ್ ಹೇಳಾಕತ್ತಿದ್ದೆ?" ಸಿಟ್ಟಿಗಿಂತ ಅದರಲ್ಲಿ ಬೇಸರ ಹೆಚ್ಚಿತ್ತು. ಹೇಳಿ ಹೇಳಿ ಸವೆದ ಮಾತು.

ಸಾಹೇಬರು ಎಲ್ಲರನ್ನೂ ಒಳಗೆ ಕರೆಸಿದರು. ಸುಳ್ಳು ಹೇಳಿಕೆಗೆ ಬೇರೆಯೇ ಕೇಸಾಗುತ್ತದೆ, ಅದನ್ನು ಎದುರಿಸಬೇಕು ಎಂದು ದ್ಯಾವಪ್ಪನಿಗೆ ಹೇಳಿದರು. ಅವನು ತಲೆಯಾಡಿಸಿದ. ಕೈ ವಾಪಸ್ಸು ಕೊಡುವ ಪ್ರಶ್ನೆ ಇಲ್ಲ ಎಂದರು. ಅದಕ್ಕೂ ತಲೆಯಾಡಿಸಿದ. ಉಳಿದದ್ದು ರದ್ದು. ಶಮಶಾದಕ್ಕ ನನ್ನನ್ನು ದ್ಯಾವಪ್ಪನ ಎದುರಿನಿಂದ ಪಕ್ಕಕ್ಕೆ, ಎದುರಿಗೆ ಯಾರೂ ಇಲ್ಲದ ಕಡೆಗೆ ಸರಿಯುವಂತೆ ಸನ್ನೆ ಮಾಡಿದರು. ಆಗ ಹಿಂದಿನಿಂದ ಕಲ್ಲವ್ವ ಮುಂದೆ ಬಂದಳು.

"ಒಂದ್ ಮಾತ್ರಿ ಸಾಹೇಬ್ರ. ರದ್ದು ಮಾಡಿದ್ರ ಅದು ಹಾಳಾಗಿ ಹೋಗತೈತಿ. ಕೈ ಏನ್ ತಪ್ಪ ಮಾಡೈತ್ರಿ? ತಪ್ಪ ಮಾಡಿದ್ದು ಕಣ್ಣು, ಮತ್ತ ನಮ್ಮವರ ಬಾಯಿ. ಕೈ ನನಗ ಕೊಡ್ರಿ."

"ನಿಮಗೆ ಲೈಸೆನ್ಸ್ ಇದೆಯೇ?"

"ಕೈ ಬಂದ ಮ್ಯಾಲೆ ಲೈಸೆನ್ಸಿಗೆ ಏನ್ ತ್ರಾಸ್ರಿ? ಕೈ ಬರಲಾರದವರಿಗೆ ಕೊಡಾಕತ್ತಾರ."

ಹಾಲಿನಲ್ಲಿ ನಗು ಎದ್ದು, ಸಾಹೇಬರ ಮುಖ ನೋಡಿ ಅಡಗಿತು. ಅವರು ಹಂಪಿಹೊಳಿ ವಕೀಲರ ಕಡೆ ತಿರುಗಿದರು. "ಇದಕ್ಕೆ ಕಲಮು ಇದೆಯೇ, ವಕೀಲರೇ?"

"ಮಾಡಬೇಕು ಅಂತ ಇಲ್ಲ, ಸ್ವಾಮಿ. ಮಾಡಬಾರದು ಅಂತಲೂ ಎಲ್ಲೂ ಬರೆದಿಲ್ಲ."

ಸಾಹೇಬರು ಬೇವಿನ ಮರವನ್ನು ನೋಡತೊಡಗಿದರು. ಕಲ್ಲವ್ವ ಮತ್ತೇನೋ ಹೇಳಲು ಬಾಯಿ ತೆರೆದಳು. ನಾನು ಆಕೆಯ ಮುಂಗೈ ಹಿಡಿದೆ. ಆಕೆಗೆ ಅದೆಷ್ಟು ಕಷ್ಟವಾಯಿತೆಂದು ಹಿಡಿದ ಕೈಗೆ ಗೊತ್ತಾಗುತ್ತಿತ್ತು.

ಆದೇಶ ಹೀಗಾಯಿತು: ಕಲ್ಲವ್ವ ಮೊದಲು ಎರಡೂ ಕಣ್ಣು ತೋರಿಸಿಕೊಂಡು ಡಾಕ್ಟರರ ಚೀಟಿ ತರಬೇಕು. ಕೈ ಪಡೆದ ಮೇಲೆ ಎಲ್ಲರ ಹಾಗೆ ಲೈಸೆನ್ಸ್ ಪರೀಕ್ಷೆ ಕೊಡಬೇಕು. ಅಲ್ಲಿಯವರೆಗೆ ಗಾಡಿ ರಸ್ತೆಗೆ ಇಳಿಯಬಾರದು. ಇನ್ನು ಮುಂದೆ ಹಾಜರಿಗೆ ಮೊದಲು ಕೈ ಕೊಟ್ಟವರ ಕಣ್ಣು ಕಿವಿಗಳನ್ನೂ ನೋಡಬೇಕು. ಆ ಸಾಲನ್ನು ಬರೆದುಕೊಳ್ಳುತ್ತ ಶಮಶಾದಕ್ಕ ನನಗಷ್ಟೇ ಕೇಳುವಂತೆ, "ಇಷ್ಟು ವರ್ಷ ಯಾರು ಗಾಡಿ ಹೊಡದದ್ದನ್ನ ನೋಡಿದ್ವಿ ನಾವು?" ಎಂದರು.

ಕೈ ನನ್ನಿಂದ ಕಲ್ಲವ್ವನಿಗೆ ಹೋದ ದಿನ ನಾನು ಹಗುರಾಗುತ್ತೇನೆ ಎಂದುಕೊಂಡಿದ್ದೆ. ಕುತ್ತಿಗೆ ಹಗುರಾಯಿತು. ಉಳಿದ ಮೈಗೆ ಏನೋ ಕಳೆದುಕೊಂಡ ಗಾಬರಿ ಇತ್ತು. ಪೇಟೆಯ ಗೇಟಿನ ಮುಂದೆ ನಡೆದು ಹೋದೆ, ಕಾಲು ನಿಲ್ಲಲಿಲ್ಲ. ಬುತ್ತಿ ಹಿಡಿದ ಹೆಂಗಸರು ನನ್ನನ್ನು ಗುರುತು ಹಿಡಿಯಲಿಲ್ಲ. ಈಗ ನಾನು ಅಮಾನತಿನ ಕೇಸಿನಲ್ಲಿ ಬಾಯಿ ತೆರೆಯಬಹುದು ಎಂದು ಹಂಪಿಹೊಳಿ ವಕೀಲರು ಹೇಳಿದರು. ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. "ಸಿಟ್ಟೇನು. ನೀ ಒಂದ ಮಾತೂ ಆಡಲಿಲ್ಲಲ್ಲ," ಎಂದರು. ಅದು ಹೊಗಳಿಕೆಯೋ ದೂರೋ ನನಗೆ ಇನ್ನೂ ತಿಳಿದಿಲ್ಲ.

ಕಲ್ಲವ್ವನಿಗೆ ಲೈಸೆನ್ಸ್ ಬಂದ ಮೇಲೆ ಆಕೆಯನ್ನು ಮೊದಲು ಕಂಡದ್ದು ಎಣ್ಣೆ ಗಿರಣಿಯ ಮೂಲೆಯಲ್ಲಿ. ಗಾಡಿ ತುಂಬ ಮೆಣಸಿನಕಾಯಿ ಕೆಲಸದ ಹೆಂಗಸರು. ಮುಂದೆ, ಡ್ರೈವರ್ ಸೀಟಿನಲ್ಲೇ ಆಕೆಯ ಎಡಕ್ಕೆ ಒತ್ತಿಕೊಂಡು ದ್ಯಾವಪ್ಪ ಕೂತಿದ್ದ. ದಾರಿಯ ಪ್ಯಾಸೆಂಜರ್ ಕೂಗುವುದು ಈಗ ಅವನ ಕೆಲಸ. ಬಾಬಣ್ಣ ಅದೇ ಓಣಿಯಿಂದ ಕೋಲೂರಿಕೊಂಡು ಬರುತ್ತಿದ್ದ. ಕಲ್ಲವ್ವ ಗಾಡಿ ನಿಲ್ಲಿಸಿದಳು.

"ಬಾ ಬಾಬಣ್ಣ, ಹತ್ತು. ಅಂಗಡಿತನಕ ಬಿಡತೀವಿ," ಎಂದು ದ್ಯಾವಪ್ಪ ಕರೆದ.

ಬಾಬಣ್ಣ ಅವನ ಕಡೆ ನೋಡಲೂ ಇಲ್ಲ. ಗಾಡಿಯ ಮುಂದಿನಿಂದಲೇ, ಎಡದಿಂದ ಬಲಕ್ಕೆ, ನಿಧಾನವಾಗಿ ರಸ್ತೆ ದಾಟತೊಡಗಿದ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ. ಹೆಂಗಸರಲ್ಲಿ ಯಾರೋ ಹೊತ್ತಾತು ಎಂದರು. ದ್ಯಾವಪ್ಪ ಹೆಂಡತಿಯ ತೋಳು ಹಿಡಿದುಕೊಂಡ. "ತಡಿ, ಬಿಡಬ್ಯಾಡ. ಎಡಕ್ಕ ಬಾಬಣ್ಣ ಅದಾನ. ಇನ್ನೂ ದಾಟಿಲ್ಲ, ಎಡಕ್ಕ ನೋಡು..."

"ಸುಮ್ಮ ಕುಂದರ್ರಿ," ಎಂದಳು ಕಲ್ಲವ್ವ, ಹ್ಯಾಂಡಲ್ ಹಿಡಿದ ಕೈ ಅಲುಗಿಸದೆ. "ನನಗ ಕಾಣಾಕತ್ತಾರ."